ಎಳೆಯ ಕಾಡಿಗೊಂದು ತಿದ್ದೋಲೆ

ಮಾನ್ಯ ಸಂಪಾದಕರಿಗೂ ಓದುಗರಿಗೂ ವಂದನೆಗಳು.

ವಿಷಯಕ್ಕೆ ಬರುವ ಮುನ್ನ ಕ್ಷಮೆ ಕೋರುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. ನನ್ನ ಕಂಪ್ಯೂಟರಿನಲ್ಲಿ ಕನ್ನಡದ ಅಕ್ಷರಗಳಿಲ್ಲದ ಕಾರಣ ಈ ಬರಹವನ್ನು ಗೆರೆ ಹಾಕಿದ ಹಾಳೆಗಳ ಮೇಲೆ ಕೈಯಲ್ಲಿಯೇ ಬರೆದು ಕಳುಹಿಸುತ್ತಿದ್ದೇನೆ. ಅಕ್ಷರ ದುಂಡಗಿಲ್ಲ. ಹತ್ತನೆಯ ತರಗತಿಯ ನಂತರ ತಾಯಿಯವರಿಗೆ ಬರೆದ ಕಾಗದಗಳನ್ನು ಬಿಟ್ಟರೆ ಕನ್ನಡದಲ್ಲಿ ಬೇರೇನನ್ನೂ ಬರೆದವಳಲ್ಲವಾದ್ದರಿಂದ ಕಾಗುಣಿತದಲ್ಲಿಯೂ ಒತ್ತಕ್ಷರಗಳಲ್ಲಿಯೂ ತಪ್ಪುಗಳಿರುವ ಸಂಭವ ಹೆಚ್ಚು. ಬರಹದ ಧಾಟಿಯು ಕಚೇರಿ ಪತ್ರದಂತೆ ಕಂಡುಬಂದರೆ ಅದಕ್ಕೂ ಮನ್ನಿಸಬೇಕು. ನನಗೆ ತಿಳಿದಿರುವ ಧಾಟಿ ಅದೊಂದೇ. ಅದನ್ನು ಕಲಿಸಿದವರ ಕುರಿತಾಗಿಯೇ ಈ ಬರಹ.

ಸಿಂಗಪುರದ ನಮ್ಮ ಕನ್ನಡಿಗರ ವಾರ್ಷಿಕ ಸಂಚಿಕೆಗಾಗಿ, ತಮ್ಮ ಬದುಕಿನಲ್ಲಿ ಗುರುತು ಉಳಿಸಿ ಹೋದ ಒಬ್ಬರ ಬಗ್ಗೆ ಬರೆದುಕೊಡುವಂತೆ ಸಂಪಾದಕರು ಕೇಳಿದ್ದರು. ನಾನು ಆರಿಸಿಕೊಂಡಿರುವವರು ನನ್ನ ಮೊದಲ ಕಚೇರಿಯ ಹಿರಿಯ ನಕ್ಷೆಗಾರರು. ಅವರು ಹೋದ ತಿಂಗಳು ಮೈಸೂರಿನಲ್ಲಿ ತೀರಿಕೊಂಡರೆಂದು ಅವರ ಮಗಳು ಇ-ಮೇಲ್ ಮೂಲಕ ತಿಳಿಸಿದರು. ಮನೆಯವರ ಅನುಮತಿ ಪಡೆದಿಲ್ಲವಾದ್ದರಿಂದ ಹೆಸರನ್ನು ನಮೂದಿಸಿಲ್ಲ. ಅವರು ಈ ಊರನ್ನು ಬಿಟ್ಟು ಹೋಗಬೇಕಾಗಿ ಬಂದದ್ದರಲ್ಲಿ ನನ್ನ ಪಾಲಿದೆ. ಆ ಸಂಗತಿ ಯಾವ ಕಡತದಲ್ಲಿಯೂ ದಾಖಲಾಗಿಲ್ಲ. ಅದನ್ನು ದಾಖಲಿಸುವುದೂ ಈ ಬರಹದ ಉದ್ದೇಶವೆಂದು ಮೊದಲೇ ತಿಳಿಸಿಬಿಡುತ್ತೇನೆ.

ಈ ಶತಮಾನದ ಮೊದಲ ದಶಕದ ನಡುವಿನ ವರ್ಷಗಳು. ಎತ್ತ ನೋಡಿದರೂ ಕ್ರೇನುಗಳು. ಒನ್-ನಾರ್ತ್ ಎಂಬ ಹೊಸ ಕಚೇರಿ ಬಡಾವಣೆಯ ಕಡೆ ಹೋದವರು ಪ್ರತಿ ಸಲವೂ ಹೊಸದೊಂದು ಕಂಪನಿಯ ಫಲಕ ನೋಡಿ ಬರುತ್ತಿದ್ದರು. ನಮ್ಮ ಕಚೇರಿ ಅಷ್ಟು ಹೊಳಪಿನದಲ್ಲ. ಆಂಗ್ ಮೋ ಕಿಯೋ ಕೈಗಾರಿಕಾ ಪ್ರದೇಶದಲ್ಲಿ, ಬಿಸ್ಕತ್ತಿನ ಗೋದಾಮಿನ ಮೇಲಿನ ನಾಲ್ಕನೆಯ ಮಹಡಿಯಲ್ಲಿತ್ತು. ವಿಮಾನದಿಂದ ತೆಗೆದ ಛಾಯಾಚಿತ್ರಗಳನ್ನು ನೋಡಿ ಭೂಮಿಯ ನಕ್ಷೆ ತಯಾರಿಸಿ ಕೊಡುವುದು ಸಂಸ್ಥೆಯ ಕೆಲಸ. ನಕ್ಷೆಗಳ ಜೊತೆ ಹೋಗುವ ಪತ್ರಗಳನ್ನೂ ಪಟ್ಟಿಗಳನ್ನೂ ಟೈಪ್ ಮಾಡಿ ಕಡತಕ್ಕೆ ಸೇರಿಸುವುದು ನನ್ನ ಕೆಲಸ. ಆರು ತಿಂಗಳು ಪ್ರೊಬೇಷನ್ ಎಂದು ತಿಳಿಸಿ ನನ್ನನ್ನು ಸೇರಿಸಿಕೊಂಡಿದ್ದರು.

ಅವರಿಗೆ ಆಗ ಐವತ್ತೆರಡು ವರ್ಷ. ನಮ್ಮ ರಾಜ್ಯದ ಒಂದು ಸರ್ಕಾರಿ ಇಲಾಖೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕಾಡು ಮತ್ತು ನದೀತೀರಗಳ ನಕ್ಷೆ ಮಾಡಿ, ಸ್ವಯಂನಿವೃತ್ತಿ ಪಡೆದು ಇಲ್ಲಿಗೆ ಬಂದಿದ್ದರು. ಪತ್ನಿ ಮತ್ತು ಮಗಳೊಡನೆ ವುಡ್‌ಲ್ಯಾಂಡ್ಸ್‌ನಲ್ಲಿ ಬಾಡಿಗೆಗಿದ್ದರು. ಎಂ.ಆರ್.ಟಿ. ರೈಲಿನಲ್ಲಿ ಬರುವಾಗ ಸೀಟು ಖಾಲಿಯಿದ್ದರೂ ಬಾಗಿಲ ಬಳಿಯೇ ನಿಂತು ಹೊರಗೆ ನೋಡುತ್ತಿದ್ದರು. ಕಾಲರ್ ಗುಂಡಿಯವರೆಗೂ ಹಾಕಿದ ಬಿಳಿ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಒಂದು ಭೂತಗನ್ನಡಿ.

ಅವರ ಮೇಜಿನ ಮೇಲೆ ಇದ್ದದ್ದು ಅಮೆರಿಕಾ ದೇಶದ ದಕ್ಷಿಣ ಭಾಗದ ಒಂದು ನದಿ. ಅದು ಗುಡ್ಡಗಳನ್ನು ಬಿಟ್ಟು ಸಮುದ್ರದ ಕಡೆಗಿನ ಚಪ್ಪಟೆ ಬಯಲಿಗೆ ಇಳಿದ ಮೇಲೆ ಹಾವಿನಂತೆ ಹೊರಳುತ್ತದೆ. ಪ್ರತಿ ಪ್ರವಾಹದಲ್ಲಿಯೂ ಎರಡು ಬದಿಯ ತಗ್ಗು ನೆಲವನ್ನು ಮುಳುಗಿಸುತ್ತದೆ. ಆ ತಗ್ಗಿನಲ್ಲಿ ಬೆಳೆಯುವ ವಿಲೋ ಮತ್ತು ಕಾಟನ್‌ವುಡ್ ಮರಗಳ ಕಾಡನ್ನು ಗುರುತಿಸಿ ನಕ್ಷೆ ಮಾಡಿಕೊಡುವಂತೆ ಅಲ್ಲಿನ ಒಂದು ಇಂಜಿನಿಯರಿಂಗ್ ಕಂಪನಿ ನಮಗೆ ಕೆಲಸ ವಹಿಸಿತ್ತು. ನದಿಯ ಯಾವ ತಿರುವಿನಲ್ಲಿ ಮರಳು ತೆಗೆಯಬಹುದು, ಯಾವುದರಲ್ಲಿ ಕೂಡದು ಎಂಬುದನ್ನು ಅವರು ಈ ನಕ್ಷೆಯನ್ನು ನೋಡಿ ನಿರ್ಧರಿಸುವವರಿದ್ದರು. ಕಾಡಿದ್ದಲ್ಲಿ ಮುಟ್ಟುವಂತಿರಲಿಲ್ಲ, ಖಾಲಿ ನೆಲವಿದ್ದಲ್ಲಿ ತೆಗೆಯಬಹುದಿತ್ತು.

ಸೇರಿದ ಹೊಸತರಲ್ಲಿ ನಾನು ಕೇಳಿದ ಪ್ರಶ್ನೆಯನ್ನು ನೆನೆದರೆ ಈಗಲೂ ಸಂಕೋಚವಾಗುತ್ತದೆ.

"ಕಾಟನ್‌ವುಡ್ ಅಂದ್ರೆ ನಮ್ಮ ಬೂರುಗದ ಮರ ಅಲ್ವಾ ಸರ್?"

"ಹತ್ತಿ ಹಾರತ್ತೆ ಅನ್ನೋದೊಂದೇ ನೆಂಟಸ್ತನ. ಎಲೆ ನೋಡಿದ್ರೆ ಅರಳಿ ಮರದ ದಾಯಾದಿ ಅನ್ಬೇಕು. ತೊಟ್ಟು ಚಪ್ಪಟೆ ಇರತ್ತಂತೆ. ಎಲ್ಲಾ ಮರ ಸುಮ್ನಿದ್ರೂ ಇದೊಂದು ಅಲ್ಲಾಡ್ತಿರತ್ತಂತೆ."

"ಅಂತೆ ಅಂತೀರಲ್ಲ, ನೀವು ನೋಡಿಲ್ವಾ?"

"ಎಂಟು ಸಾವಿರ ಅಡಿ ಮೇಲಿಂದ ದಿನಾ ನೋಡ್ತೀನಿ. ಕೆಳಗೆ ನಿಂತು ನೋಡಿಲ್ಲ."

"ಒಂದ್ಸಲ ಹೋಗಿ ಬನ್ನಿ ಸರ್."

"ವೀಸಾ ಕೊಡೋನು ಕೇಳ್ತಾನೆ, ಯಾಕೆ ಹೋಗ್ತಿದೀಯ ಅಂತ. ಮರ ನೋಡೋಕೆ ಅಂದ್ರೆ ನಂಬ್ತಾನೇನಮ್ಮ?"

ವಿಲೋ ಮರಕ್ಕೆ ಅವರು ನೀರಂಜಿ ಎಂದೇ ಹೇಳುತ್ತಿದ್ದರು. ಕಾವೇರಿಯ ದಡದಲ್ಲಿ ನೀರಿಗೆ ಬಾಗಿ ನಿಲ್ಲುವ ನೀರಂಜಿ ಇದರ ಜಾತಿಯದೇ ಎಂದೂ, ಅದನ್ನು ತಿಳಿದವನಿಗೆ ಇದು ಅಪರಿಚಿತವಲ್ಲವೆಂದೂ ಅವರ ಅಭಿಪ್ರಾಯ. ಊರಿನಿಂದ ತಂದ ಹಳೆಯ ಸ್ಟೀರಿಯೋಸ್ಕೋಪ್ ಒಂದು ಅವರ ಬಳಿ ಇತ್ತು. ಪಕ್ಕಪಕ್ಕದಲ್ಲಿ ತೆಗೆದ ಎರಡು ಚಿತ್ರಗಳನ್ನು ಅದರ ಕೆಳಗಿಟ್ಟು ಎರಡು ಕಣ್ಣಿನಿಂದ ನೋಡಿದರೆ ಚಪ್ಪಟೆಯಾಗಿದ್ದ ಕಾಡು ಎದ್ದು ನಿಲ್ಲುತ್ತಿತ್ತು. ಇತರರು ಅದೇ ಕೆಲಸವನ್ನು ಕಂಪ್ಯೂಟರಿನಲ್ಲಿ ಬಣ್ಣದ ಕನ್ನಡಕ ಹಾಕಿಕೊಂಡು ಮಾಡುತ್ತಿದ್ದರು. ಇವರು ಕಂಪ್ಯೂಟರಿನಲ್ಲಿ ಮಾಡಿ ಮುಗಿಸಿದ ಮೇಲೂ ಒಮ್ಮೆ ಇದರಲ್ಲಿ ನೋಡುತ್ತಿದ್ದರು. ವಿಶೇಷ ಫಿಲ್ಮಿನಲ್ಲಿ ತೆಗೆದ ಆ ಚಿತ್ರಗಳಲ್ಲಿ ಹಸಿರು ಕೆಂಪಾಗಿ ಕಾಣುತ್ತದೆ. ಎಳೆಯ ನೀರಂಜಿ ನಯವಾದ ಗುಲಾಬಿ, ಜಮಖಾನ ಹಾಸಿದಂತೆ. ಬೆಳೆದ ಕಾಟನ್‌ವುಡ್ ಉಬ್ಬುಬ್ಬಾದ ಕಡುಗೆಂಪು. ಅವರು ನನ್ನನ್ನೂ ಕರೆದು ತೋರಿಸುತ್ತಿದ್ದರು. ಕಾಗದ ಟೈಪ್ ಮಾಡುವವಳಿಗೆ ಅದರ ಅಗತ್ಯವಿರಲಿಲ್ಲ. "ಯಾವುದರ ಬಗ್ಗೆ ಪತ್ರ ಬರೀತಿದೀವಿ ಅಂತ ಗೊತ್ತಿರಬೇಕಲ್ಲಮ್ಮ," ಎನ್ನುತ್ತಿದ್ದರು.

ಊಟಕ್ಕೆ ಸಮೀಪದ ಹಾಕರ್ ಸೆಂಟರಿಗೆ ಹೋಗುತ್ತಿದ್ದೆವು. ಅವರದು ಮನೆಯಿಂದ ತಂದ ಮೊಸರನ್ನ. ಕೊಂಡುಕೊಳ್ಳುತ್ತಿದ್ದದ್ದು ಒಂದು ಟೀ ಮಾತ್ರ. ಒಮ್ಮೆ ಮೇಜಿನ ಮೇಲೆ ಟೀ ಚೆಲ್ಲಿತು. ಅದನ್ನು ಒರೆಸುವುದರ ಬದಲು ಚಮಚದ ಹಿಂಬದಿಯಿಂದ ಎಳೆದು ನದಿ ಮಾಡಿದರು. ತಿರುವಿನ ಒಳಬದಿಗೆ ಉಪ್ಪು ಸುರಿದು ಮರಳೆಂದರು. ಅನ್ನದಲ್ಲಿದ್ದ ಕೊತ್ತಂಬರಿ ಸೊಪ್ಪನ್ನು ಒಂದೊಂದಾಗಿ ಆರಿಸಿ ಉಪ್ಪಿನ ಮೇಲೆ ಸಾಲಾಗಿಟ್ಟರು.

"ಹೊಳೆ ಹೊರಮಗ್ಗುಲಲ್ಲಿ ದಡ ಕೊರೆಯತ್ತೆ, ಒಳಮಗ್ಗುಲಲ್ಲಿ ಮರಳು ಹಾಕತ್ತೆ. ಪ್ರವಾಹ ಇಳೀತಾ ಇರೋವಾಗ ಬೀಜ ಹಾರಿ ಬಂದು ಆ ಹಸೀ ಮರಳಿನ ಮೇಲೆ ಬೀಳಬೇಕು. ಒಂದು ವಾರ ಮುಂಚೆ ಬಿದ್ರೆ ಕೊಚ್ಚಿಕೊಂಡು ಹೋಗತ್ತೆ, ತಡವಾಗಿ ಬಿದ್ರೆ ಒಣಗತ್ತೆ. ಮೊದಲು ನೀರಂಜಿ, ಅದರ ಹಿಂದೆ ಕಾಟನ್‌ವುಡ್."

"ಆಮೇಲೆ ಅದೇ ಕಾಡು ದೊಡ್ಡದಾಗತ್ತೆ."

"ದೊಡ್ಡದಾಗತ್ತೆ, ಮುದಿಯಾಗತ್ತೆ, ಹೋಗತ್ತೆ. ಹಳೇ ಕಾಟನ್‌ವುಡ್ ಕೆಳಗೆ ಹುಡುಕಿದ್ರೂ ಅದರ ಒಂದು ಸಸಿ ಸಿಗಲ್ಲ. ನೆರಳಲ್ಲಿ ಅದು ಹುಟ್ಟಲ್ಲ. ಅಲ್ಲಿ ಬೇರೆ ಜಾತಿ ಮರ ಬರತ್ತೆ. ಇದು ಅಷ್ಟರೊಳಗೆ ಮುಂದಿನ ಮರಳು ದಿಣ್ಣೆ ಹಿಡಿದಿರಬೇಕು. ಹಳೇದನ್ನ ಕಡಿದ್ರೆ ಇರೋ ಕಾಡು ಹೋಗತ್ತೆ. ಎಳೇದನ್ನ ಕಿತ್ರೆ ಬರೋ ಕಾಡೂ ಹೋಗತ್ತೆ. ನೋಡೋಕೆ ಮೊಣಕಾಲುದ್ದ ಹುಲ್ಲಿನ ಹಾಗಿರತ್ತೆ, ಅದೇ ತೊಂದರೆ."

ಮೇಜು ಒರೆಸುವ ಚೀನೀ ಆಂಟಿ ಬಂದು ಬಟ್ಟೆ ಹಿಡಿದು ಕಾದು ನಿಂತಿದ್ದರು. "ಅಂಕಲ್, ಪ್ಲೇ ಫಿನಿಶ್ ಆಲ್ರೆಡಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನದಿ, ಮರಳು, ಕಾಡು ಮೂರನ್ನೂ ಒಂದೇ ಸಲಕ್ಕೆ ಒರೆಸಿದರು. "ಇವರನ್ನ ಇಂಜಿನಿಯರ್ ಮಾಡಬೇಕಿತ್ತು," ಎಂದು ಅವರು ತಮ್ಮ ಡಬ್ಬಿ ಮುಚ್ಚಿದರು.

ಸಂಜೆ ಕೆಲವೊಮ್ಮೆ ನಿಲ್ದಾಣದ ಕಡೆ ನೇರವಾಗಿ ಹೋಗದೆ ಕಾಲುವೆಯ ಬದಿಗೆ ಹೋಗುತ್ತಿದ್ದರು. ಆಗ ಅಲ್ಲಿ ನದಿ ಕಾಂಕ್ರೀಟಿನ ಗೋಡೆಗಳ ನಡುವೆ ಹರಿಯುತ್ತಿತ್ತು. ದೊಡ್ಡ ಮಳೆ ಬಂದು ಹೋದ ಮೇಲೆ ಕಾಲುವೆಯ ತಿರುವಿನಲ್ಲಿ ಒಂದು ಹಿಡಿ ಹೂಳು ನಿಂತು, ಅದರಲ್ಲಿ ಏನೋ ಒಂದು ಸಸಿ ಎದ್ದಿತ್ತು. ಕಂಬಿ ಹಿಡಿದು ಬಗ್ಗಿ ನೋಡಿ, "ಇಲ್ಲಿ ಹುಟ್ಟು ಅಂತ ಇದಕ್ಕೂ ಯಾರೂ ಹೇಳಿಕೊಟ್ಟಿಲ್ಲ ನೋಡಿ," ಎಂದರು. ಮರುವಾರ ಸ್ವಚ್ಛ ಮಾಡುವವರು ಬಂದು ಅದನ್ನು ತೊಳೆದಿದ್ದರು. ಅಲ್ಲಿನ ವಸತಿ ಬ್ಲಾಕುಗಳನ್ನು ಅವರು ಮರ ಅಳೆಯಲು ಬಳಸುತ್ತಿದ್ದರು. "ಒಳ್ಳೇ ಕಾಟನ್‌ವುಡ್ ಇಲ್ಲಿ ನಿಂತಿದ್ರೆ ಹತ್ತನೇ ಮಹಡಿಯವರ ಅಡುಗೆಮನೆ ಕಿಟಕಿಗೆ ಬರ್ತಿತ್ತು. ಬಟ್ಟೆ ಒಣಗಿಸೋ ಬಿದಿರುಗಳ ತುಂಬಾ ಹತ್ತಿ." ಇದನ್ನು ಅವರು ಲೆಕ್ಕಾಚಾರದ ಧ್ವನಿಯಲ್ಲಿಯೇ ಹೇಳಿದರು.

ಇನ್ನು ಅವರ ಕಡತಗಳ ವಿಷಯ. ನಮ್ಮದು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಇಡುವ ಕಚೇರಿ. ಆದರೂ ಅವರು ಪ್ರತಿ ಕೆಲಸಕ್ಕೂ ರಟ್ಟಿನ ಕಡತವೊಂದನ್ನು ತೆರೆದು, ಎಡಗಡೆ ಟಿಪ್ಪಣಿ ಹಾಳೆ, ಬಲಗಡೆ ಪತ್ರಗಳು, ಮೂಲೆಯಲ್ಲಿ ರಂಧ್ರ ಕೊರೆದು ಮೈಸೂರಿನಿಂದ ತಂದ ಟ್ಯಾಗು ಪೋಣಿಸುತ್ತಿದ್ದರು. ಟಿಪ್ಪಣಿಗಳು ಕನ್ನಡದಲ್ಲಿ. "ಪುಟ ಹನ್ನೆರಡರ ಚಿತ್ರ ಪರಿಶೀಲಿಸಲಾಗಿದೆ. ಮೂರನೆಯ ತಿರುವಿನ ಒಳದಂಡೆಯಲ್ಲಿ ಹೊಸ ನೀರಂಜಿ ಕಂಡುಬಂದಿದೆ. ಅವಗಾಹನೆಗೆ." ಅಮೆರಿಕಾದ ಮರಗಳ ಬಗ್ಗೆ ಸಿಂಗಪುರದಲ್ಲಿ ಇಂತಹ ಟಿಪ್ಪಣಿ ಬರೆದವರು ಇನ್ನೊಬ್ಬರಿರಲಾರರು.

ನಮ್ಮ ಮ್ಯಾನೇಜರ್ ಬೆಂಗಳೂರಿನವರು, ಅವರಿಗಿಂತ ಹದಿನೈದು ವರ್ಷ ಚಿಕ್ಕವರು. ಕೆಟ್ಟವರಲ್ಲ. ತಿಂಗಳಿಗೊಮ್ಮೆಯಾದರೂ ತಮಾಷೆ ಮಾಡುತ್ತಿದ್ದರು.

"ಸರ್, ಇದೇನು ತಾಲ್ಲೂಕು ಆಫೀಸಾ? ಎಲ್ಲಾ ಸರ್ವರ್‌ನಲ್ಲಿ ಸೇವ್ ಆಗಿದೆಯಲ್ಲ."

"ಏನಿದೆ ಅನ್ನೋದು ಸರ್ವರ್‌ನಲ್ಲಿದೆ ಸ್ವಾಮಿ. ಯಾಕಿದೆ ಅನ್ನೋದು ಇದರಲ್ಲಿದೆ."

ನನಗೆ ಪತ್ರ ಬರೆಯುವುದನ್ನು ಅವರು ಕಲಿಸಿದ್ದು ಈ ಕಡತಗಳ ಮೂಲಕ. ನಾನು ಬರೆದು ಒಯ್ದ ಮೊದಲ ಪತ್ರದಲ್ಲಿ 'ಅತ್ಯಂತ', 'ಹೃತ್ಪೂರ್ವಕ' ಎಂಬ ಅರ್ಥ ಬರುವ ಇಂಗ್ಲಿಷ್ ಪದಗಳು ಒಟ್ಟು ಏಳು ಇದ್ದವು. ಏಳನ್ನೂ ಹೊಡೆದು ಹಾಕಿದರು. ಯಾವ ಪತ್ರಕ್ಕಾಗಲಿ, ಪಟ್ಟಿಗಾಗಲಿ ನಮೂನೆ ಕೇಳಿದರೆ ಅವರದು ಒಂದೇ ಉತ್ತರ: "ಹಿಂದಿನ ಕಡತ ನೋಡಿ." ಹೊಸ ನಮೂನೆ ಸೃಷ್ಟಿಸುವುದು ಸರ್ಕಾರಿ ನೌಕರಿಯಲ್ಲಿದ್ದವರಿಗೆ ಅಪರಾಧದಂತೆ. ಹಿಂದೆ ಹೇಗೆ ಹೋಗಿದೆಯೋ ಹಾಗೆ ಹೋಗಬೇಕು. ನಾನು ಅದನ್ನು ಶ್ರದ್ಧೆಯಿಂದ ಪಾಲಿಸಿದೆ. ಮುಂದೆ ಆದದ್ದೆಲ್ಲವೂ ಆ ಪಾಲನೆಯಿಂದಲೇ ಆಯಿತು.

ನಕ್ಷೆಯ ಬದಿಯಲ್ಲಿ, ಯಾವ ಬಣ್ಣ ಯಾವುದನ್ನು ತೋರಿಸುತ್ತದೆ ಎಂಬ ಸಂಕೇತಪಟ್ಟಿ ಇರುತ್ತದೆ. ಅಮೆರಿಕಾ ನದಿಯ ಸಂಕೇತಪಟ್ಟಿಯನ್ನು ಅಂತಿಮಗೊಳಿಸುವ ಕೆಲಸ ನನ್ನ ಪಾಲಿಗೆ ಬಂದಾಗ ಹಿಂದಿನ ಕಡತ ನೋಡಿದೆ. ಅದು ಇಲ್ಲಿಯೇ ಸಮುದ್ರಕ್ಕೆ ಮಣ್ಣು ತುಂಬಿ ಪಡೆದ ಜಾಗವೊಂದರ ನಕ್ಷೆ. ಅದರ ಪಟ್ಟಿಯನ್ನು ನಕಲು ಮಾಡಿ, ಹೆಸರುಗಳನ್ನು ಬದಲಾಯಿಸಿದೆ. ಕೆಳಗೆ ಸಣ್ಣ ಅಕ್ಷರದಲ್ಲಿದ್ದ ಷರಾವನ್ನು ಹಾಗೆಯೇ ಬಿಟ್ಟೆ. ಎರಡು ಮೀಟರಿಗಿಂತ ಗಿಡ್ಡ ಗಿಡಗಳಿರುವ ಜಾಗವನ್ನು ಖಾಲಿ ನೆಲವೆಂದು ಪರಿಗಣಿಸತಕ್ಕದ್ದು ಎಂದು ಅದರಲ್ಲಿತ್ತು. ಮಣ್ಣು ತುಂಬಿದ ಜಾಗದಲ್ಲಿ ಅದು ಸರಿ. ಅಲ್ಲಿ ಏನು ಬೆಳೆದರೂ ಮರುವರ್ಷ ಕಟ್ಟಡ ಬರುತ್ತದೆ. ಆದರೆ ಕಂಪ್ಯೂಟರು ಈ ಪಟ್ಟಿಯನ್ನು ನೋಡಿಯೇ ಬಣ್ಣ ತುಂಬುತ್ತಿತ್ತು. ಅವರು ತಿಂಗಳುಗಟ್ಟಲೆ ಕೂತು ಗೆರೆ ಎಳೆದು ಗುರುತಿಸಿದ್ದ ಎಳೆಯ ನೀರಂಜಿ, ಎಳೆಯ ಕಾಟನ್‌ವುಡ್ ದಿಣ್ಣೆಗಳೆಲ್ಲ ತಿಳಿಹಳದಿಯಾಗಿ, ಖಾಲಿ ನೆಲವಾಗಿ ಅಚ್ಚಾದವು.

ನಕ್ಷೆ ಕಳುಹಿಸುವ ದಿನ ಅವರ ಮಗಳ ಶಾಲೆಯಲ್ಲಿ ಪೋಷಕರ ಸಭೆಯಿತ್ತು. ಮಗಳು ಸೆಕೆಂಡರಿ ನಾಲ್ಕರಲ್ಲಿದ್ದಳು, ವರ್ಷದ ಕೊನೆಗೆ ಓ-ಲೆವೆಲ್ ಪರೀಕ್ಷೆ. ಅವರು ಬ್ಯಾಗು ಹೆಗಲಿಗೇರಿಸಿಕೊಂಡೇ ನನ್ನ ಮೇಜಿನ ಬಳಿ ನಿಂತರು.

"ಪಟ್ಟಿ ಪೂರ್ತಿ ನೋಡಿದ್ರಾಮ್ಮ? ಕೆಳಗಿನ ಷರಾ ಸಮೇತ?"

"ನೋಡಿದೀನಿ ಸರ್."

ಅವರು ಸಹಿ ಮಾಡಿದರು. ನಾನು ಹೆಸರುಗಳನ್ನು ನೋಡಿದ್ದೆ. ಷರಾವನ್ನು ನೋಡಿರಲಿಲ್ಲ.

ಮೂರು ವಾರಗಳ ನಂತರ ಅವರು ನಕ್ಷೆಯ ಕಚೇರಿ ಪ್ರತಿಯನ್ನು ಕಡತಕ್ಕೆ ಸೇರಿಸಲು ಬಿಡಿಸಿದರು. ಬಹಳ ಹೊತ್ತು ಭೂತಗನ್ನಡಿ ಹಿಡಿದು ಬಗ್ಗಿಯೇ ಇದ್ದರು. ನಂತರ ಸ್ಟೀರಿಯೋಸ್ಕೋಪಿನ ಕೆಳಗೆ ಅದೇ ತಿರುವಿನ ಚಿತ್ರಗಳನ್ನಿಟ್ಟು ನೋಡಿ, ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ನನ್ನನ್ನು ಏನೂ ಕೇಳಲಿಲ್ಲ. ನಕ್ಷೆಯನ್ನು ಸುತ್ತಿಕೊಂಡು ಮ್ಯಾನೇಜರ್ ಕೋಣೆಗೆ ಹೋದರು. ಬಾಗಿಲು ತೆರೆದೇ ಇದ್ದುದರಿಂದ ಮಾತು ನನಗೆ ಕೇಳಿಸಿತು.

"ಹನ್ನೊಂದು ದಿಣ್ಣೆ ತಪ್ಪು ಬಣ್ಣದಲ್ಲಿ ಹೋಗಿದೆ ಸ್ವಾಮಿ. ಕಾಡು ಇರೋ ಕಡೆ ಖಾಲಿ ಅಂತ ತೋರಿಸಿದೀವಿ."

"ಕ್ಲೈಂಟ್ ಏನಾದ್ರೂ ಮೇಲ್ ಮಾಡಿದಾರಾ?"

"ಇಲ್ಲ."

"ಮತ್ತೆ ಬಿಡಿ ಸರ್. ಎರಡನೇ ಫೇಸ್ ಕೆಲಸ ನಮಗೇ ಬರೋ ಹಂಗಿದೆ. ಅದರಲ್ಲಿ ಸೈಲೆಂಟ್ ಆಗಿ ಅಪ್‌ಡೇಟ್ ಮಾಡೋಣ."

"ಅಷ್ಟರಲ್ಲಿ ಮರಳು ಎತ್ತಿರ್ತಾರೆ."

"ಎತ್ತಲಿ. ನಾವು ನೋಡೋಕೆ ಹೋಗ್ತೀವಾ? ಮೊಣಕಾಲುದ್ದ ಗಿಡ ಸರ್ ಅದು."

"ಅದು ಕಾಡು."

ಮ್ಯಾನೇಜರ್ ಧ್ವನಿ ತಗ್ಗಿಸಿದರು.

"ಸರ್, ನಿಮ್ ವರ್ಕ್ ಪಾಸ್ ರಿನ್ಯೂವಲ್ ಫಾರ್ಮ್ ಇಲ್ಲೇ ನನ್ ಟೇಬಲ್ ಮೇಲಿದೆ. ಹೆಡ್ ಆಫೀಸಿಗೆ ಏನಂತ ಬರೀಲಿ? ಇವರ ಸೈನ್ ಇಂದ ಫೇಸ್ ಟೂ ಹೋಯ್ತು ಅಂತಾನಾ? ಮಗಳದು ಓ-ಲೆವೆಲ್ ಇದೆ ಅಂತೀರಿ. ಒಂದ್ ಆರ್ ತಿಂಗಳು ಸುಮ್ನಿರಿ."

"ಫಾರ್ಮ್ ನಿಮ್ಮ ಕೆಲಸ ಸ್ವಾಮಿ. ಪತ್ರ ನನ್ನ ಕೆಲಸ."

ಅವರು ಹೊರಗೆ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕುಳಿತರು. ಹೊರಟುಹೋದ ಪತ್ರದಲ್ಲಿ ತಪ್ಪು ಕಂಡುಬಂದರೆ ಸರ್ಕಾರಿ ಕಚೇರಿಗಳಲ್ಲಿ ತಿದ್ದೋಲೆ ಹೊರಡಿಸುತ್ತಾರೆ, ಇಂತಹುದರ ಬದಲಾಗಿ ಇಂತಹುದನ್ನು ಓದಿಕೊಳ್ಳತಕ್ಕದ್ದು ಎಂದು. "ಒಂದು ತಿದ್ದೋಲೆ ಬರ್ಕೊಳ್ಳೀಮ್ಮ," ಎಂದು ಇಂಗ್ಲಿಷಿನಲ್ಲಿ ಹೇಳತೊಡಗಿದರು. ಮೊದಲ ವಾಕ್ಯದಲ್ಲಿ ಹನ್ನೊಂದು ದಿಣ್ಣೆಗಳ ಸಂಖ್ಯೆಗಳಿದ್ದವು. ಎರಡನೆಯ ವಾಕ್ಯದಲ್ಲಿ, ಕೆಳಗೆ ಸಹಿ ಮಾಡಿರುವವನ ಪರಿಶೀಲನೆಯ ಲೋಪದಿಂದ ಈ ತಪ್ಪು ಉಂಟಾಗಿದೆ ಎಂದಿತ್ತು. ಮೂರನೆಯದರಲ್ಲಿ, ತಿದ್ದಿದ ಹಾಳೆಗಳು ತಲುಪುವವರೆಗೆ ಆ ಜಾಗಗಳಲ್ಲಿ ಮರಳು ತೆಗೆಯಬಾರದೆಂಬ ಕೋರಿಕೆ.

ಎರಡನೆಯ ವಾಕ್ಯವನ್ನು ಟೈಪ್ ಮಾಡುವಾಗ ನನ್ನ ಪ್ರೊಬೇಷನ್ ಮುಗಿಯಲು ಹನ್ನೊಂದು ದಿನ ಉಳಿದಿತ್ತು. ದಿಣ್ಣೆಗಳ ಸಂಖ್ಯೆಯೂ ಅಷ್ಟೇ ಇದ್ದುದರಿಂದ ಇದು ಚೆನ್ನಾಗಿ ನೆನಪಿದೆ. ನನ್ನ ಪತಿಯವರ ಕೆಲಸ ಹಿಂದಿನ ತಿಂಗಳಷ್ಟೇ ಹೋಗಿತ್ತು. ಸರ್, ಪಟ್ಟಿ ಮಾಡಿದ್ದು ನಾನು, ಷರಾ ನೋಡಿದ್ದೇನೆಂದು ಸುಳ್ಳು ಹೇಳಿದ್ದು ನಾನು ಎಂಬ ಮಾತು ಬಾಯಿಯವರೆಗೂ ಬಂತು. ಹೇಳಲಿಲ್ಲ. ವಾಕ್ಯವನ್ನು ತಪ್ಪಿಲ್ಲದೆ ಟೈಪ್ ಮಾಡಿದೆ. ಅವರು ಓದಿ ಸಹಿ ಹಾಕಿದರು. ಮಧ್ಯಾಹ್ನ ಮೂರು ಗಂಟೆಗೆ ಫ್ಯಾಕ್ಸ್ ಹೋಯಿತು.

ಅಲ್ಲಿಂದ ನಾಲ್ಕು ದಿನಗಳ ನಂತರ ಉತ್ತರ ಬಂತು. ಒಂದು ದಿಣ್ಣೆಯಲ್ಲಿ ಆಗಲೇ ಕೆಲಸ ಮುಗಿದಿದೆ, ಉಳಿದ ಹತ್ತರಲ್ಲಿ ನಿಲ್ಲಿಸಲಾಗಿದೆ, ತಿದ್ದಿದ ಹಾಳೆಗಳನ್ನು ಕಳುಹಿಸಿ ಎಂದಿತ್ತು. ಧನ್ಯವಾದವೆಂಬ ಪದವೂ ಇತ್ತು. ಅವರು ಅದನ್ನು ಎರಡು ಸಲ ಓದಿ ಟ್ಯಾಗಿಗೆ ಪೋಣಿಸಿದರು. ಟಿಪ್ಪಣಿ ಹಾಳೆಯಲ್ಲಿ, "ಹತ್ತು ಉಳಿದಿದೆ. ಒಂದು ಹೋಗಿದೆ," ಎಂದು ಬರೆದರು. ಎರಡನೆಯ ಹಂತದ ಕೆಲಸ ನಮಗೆ ಬರಲಿಲ್ಲ. ಇಲ್ಲಿ ಕೆಲಸ ಮಾಡಲು ಬೇಕಾದ ಅವರ ಪಾಸು ನವೀಕರಣವಾಗಲಿಲ್ಲ. ನನ್ನ ಪ್ರೊಬೇಷನ್ ಮುಗಿದು ನೌಕರಿ ಖಾಯಂ ಆಯಿತು.

ಹೊರಡುವ ಹಿಂದಿನ ಭಾನುವಾರ ವುಡ್‌ಲ್ಯಾಂಡ್ಸ್‌ನ ಅವರ ಮನೆಗೆ ಹೋಗಿದ್ದೆ. ಪೆಟ್ಟಿಗೆಗಳಿಗೆ ಟೇಪು ಸುತ್ತುತ್ತಿದ್ದರು. ಪರೀಕ್ಷೆಗೆ ಮೂರು ತಿಂಗಳಿರುವಾಗ ಶಾಲೆ ಬಿಡಬೇಕಾಗಿದ್ದ ಮಗಳು ತನ್ನ ಪುಸ್ತಕಗಳನ್ನು ಕೆಳಗಿನ ಮಹಡಿಯ ಗೆಳತಿಗೆ ಕೊಡಲು ವಿಂಗಡಿಸುತ್ತಿದ್ದಳು.

"ಭೂಗೋಳದ್ದು ಇಟ್ಕೋ ಪುಟ್ಟಿ," ಎಂದರು ಅವರು.

"ಅಲ್ಲಿ ಸಿಲಬಸ್ಸೇ ಬೇರೆ ಅಪ್ಪಾ. ಕ್ಯಾರಿ ಮಾಡಿ ಏನು ಯೂಸ್? ಸುಮ್ನಿರಿ ಲಾ."

"ನೋಡಿದ್ರಾ, ಮೈಸೂರಿಗೆ ಹೋಗಿ ಇಲ್ಲಿಯವರ ಥರ ಮಾತಿಗೊಂದು ಲಾ ಅಂದ್ರೆ ಇವಳನ್ನ ಲಾಯರ್ ಅನ್ಕೋತಾರೆ," ಎಂದರು ಅವರ ಪತ್ನಿ. ನನಗೆ ಕಾಫಿ ಕೊಟ್ಟರು. ಲೋಟ ಒಂದೇ ಹೊರಗಿತ್ತು, ಉಳಿದವು ಪೆಟ್ಟಿಗೆ ಸೇರಿದ್ದವು.

ಬಾಗಿಲವರೆಗೂ ಬಿಡಲು ಬಂದ ಅವರು ಚಪ್ಪಲಿ ಹಾಕಿಕೊಳ್ಳುತ್ತಿದ್ದ ನನ್ನನ್ನು ನೋಡದೆ, ಲಿಫ್ಟಿನ ಕಡೆ ನೋಡುತ್ತ ಹೇಳಿದರು:

"ನಿಮಗೆ ಹಿಂದಿನ ಕಡತ ನೋಡಿ ಅಂತ ಹೇಳಿಕೊಟ್ಟೆ. ಅದನ್ನ ಯಾವ ಜಾಗಕ್ಕೆ ಬರೆದಿದ್ರು ಅಂತಲೂ ನೋಡಿ ಅನ್ನೋದು ಹೇಳಿಕೊಡಲಿಲ್ಲ. 'ನೋಡಿದೀನಿ' ಅಂದ್ರಿ, ನಾನೂ ಬಿಚ್ಚಿ ನೋಡಲಿಲ್ಲ. ಮುಂದೆ ಬರೋ ಹೊಸಬರಿಗೆ ನೀವು ಎರಡೂ ಹೇಳಿಕೊಡಿ."

ಅವರಿಗೆ ಎಲ್ಲವೂ ತಿಳಿದಿತ್ತು. ನಾನು "ಆಗಲಿ ಸರ್" ಎಂದೆ. ಲಿಫ್ಟು ಬಂತು.

ಮಗಳು ಮೈಸೂರಿನಲ್ಲಿ ಒಂದು ವರ್ಷ ಕಳೆದುಕೊಂಡು ಶಾಲೆ ಸೇರಿದರೆಂದು ಆಮೇಲೆ ತಿಳಿಯಿತು. ಅವರು ಯುಗಾದಿಗೆ ಪ್ರತಿವರ್ಷ ಎರಡು ಸಾಲಿನ ಇ-ಮೇಲ್ ಕಳುಹಿಸುತ್ತಿದ್ದರು. ಅದರಲ್ಲಿ ವಿಶೇಷಣಗಳಿರುತ್ತಿರಲಿಲ್ಲ. ನಾನೂ ಎರಡು ಸಾಲಿನಲ್ಲಿ ಉತ್ತರಿಸುತ್ತಿದ್ದೆ. ಹೇಳಬೇಕಾದ್ದನ್ನು ಬರೆಯಲು ಮೂರನೆಯ ಸಾಲೊಂದು ಸಾಕಾಗುತ್ತಿತ್ತು. ಯಾವ ವರ್ಷವೂ ಬರೆಯಲಿಲ್ಲ.

ಈಗ ಆಕಾಶದಿಂದ ತೆಗೆದ ಚಿತ್ರಗಳನ್ನು ಯಾರು ಬೇಕಾದರೂ ಮನೆಯ ಕಂಪ್ಯೂಟರಿನಲ್ಲಿ ನೋಡಬಹುದಾಗಿದೆ. ಅವರ ಮಗಳ ಇ-ಮೇಲ್ ಬಂದ ದಿನ ಆ ನದಿಯನ್ನು ಹುಡುಕಿ ತೆಗೆದೆ. ತಿರುವುಗಳನ್ನು ಸಮುದ್ರದ ಕಡೆಯಿಂದ ಎಣಿಸಿಕೊಂಡು ಹೋದೆ. ಉಳಿದಿದ್ದ ಹತ್ತು ದಿಣ್ಣೆಗಳಲ್ಲಿ ಎಂಟನ್ನು ಗುರುತಿಸಲು ಸಾಧ್ಯವಾಯಿತು. ಎಂಟರಲ್ಲಿಯೂ ಹಸಿರು ತುಂಬಿದೆ. ಅವುಗಳ ಆಚೆ ನದಿ ಹೊಸ ಮರಳು ಹಾಕಿದೆ. ಆ ಹಸಿರಿನಲ್ಲಿ ನೀರಂಜಿ ಎಷ್ಟು, ಕಾಟನ್‌ವುಡ್ ಎಷ್ಟು ಎಂದು ತಿಳಿಸಲು ನನಗೆ ಬರುವುದಿಲ್ಲ. ಹೋದ ಒಂದು ದಿಣ್ಣೆಯ ಜಾಗದಲ್ಲಿ ನೀರು ನಿಂತಿದೆ.

ಆದಕಾರಣ, ಸಂಬಂಧಪಟ್ಟ ಎಲ್ಲರ ಗಮನಕ್ಕೆ ಈ ಕೆಳಕಂಡ ತಿದ್ದೋಲೆಯನ್ನು ಸಲ್ಲಿಸುತ್ತಿದ್ದೇನೆ. ಮೇಲೆ ಹೇಳಿದ ಪತ್ರದ ಎರಡನೆಯ ವಾಕ್ಯದಲ್ಲಿ "ಕೆಳಗೆ ಸಹಿ ಮಾಡಿರುವವನ ಪರಿಶೀಲನೆಯ ಲೋಪದಿಂದ" ಎಂಬುದರ ಬದಲಾಗಿ, "ಸಂಕೇತಪಟ್ಟಿಯನ್ನು ಸಿದ್ಧಪಡಿಸಿದವಳು ಅದರ ಷರಾವನ್ನು ಓದದೆ, ಓದಿದ್ದೇನೆಂದು ಹೇಳಿದ್ದರಿಂದ" ಎಂದು ಓದಿಕೊಳ್ಳತಕ್ಕದ್ದು. ಪತ್ರದ ಉಳಿದ ಭಾಗದಲ್ಲಿ ಯಾವುದೇ ಬದಲಾವಣೆ ಇರುವುದಿಲ್ಲ. ಈ ಸಂಚಿಕೆಯ ಒಂದು ಪ್ರತಿಯನ್ನು ಮೈಸೂರಿಗೆ, ಅವರ ಮಗಳ ವಿಳಾಸಕ್ಕೆ ಕಳುಹಿಸಿಕೊಡಬೇಕಾಗಿ ಸಂಪಾದಕರಲ್ಲಿ ವಿನಂತಿ.

ಇದನ್ನು ಓದುವವರಲ್ಲಿ ಮರಗಳನ್ನು ಬಲ್ಲವರಿದ್ದರೆ, ನೀರಂಜಿಯ ಬಗ್ಗೆಯಾಗಲಿ ಕಾಟನ್‌ವುಡ್ ಬಗ್ಗೆಯಾಗಲಿ ನಾನು ತಪ್ಪಾಗಿ ಬರೆದಿರುವುದನ್ನು ದಯವಿಟ್ಟು ಮೊದಲು ತಿದ್ದಿರಿ. ಕಾಗುಣಿತದ ತಪ್ಪುಗಳನ್ನು ಆಮೇಲೆ ತಿದ್ದಬಹುದು. ಬರೆದದ್ದನ್ನು ಪೂರ್ತಿಯಾಗಿ, ಕೊನೆಯ ಸಾಲಿನವರೆಗೂ, ಎರಡು ಸಲ ಓದಿ ನೋಡಿದ್ದೇನೆ.